ನಂಬಿಕೆ ಮೊದಲೋ, ಸತ್ಕ್ರಿಯೆ ಮೊದಲೋ?

ಗದಗ-ಬೆಟಗೇರಿಯ ಹಳಬರ ಬಾಯಲ್ಲಿ ಇಂದಿಗೂ ಒಂದು ಹೆಸರು ಉಳಿದಿದೆ: 'ಜರ್ಮನ್ ದವಾಖಾನೆ'. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಬಾಸೆಲ್ ಮಿಶನ್‌ನವರು ಬೆಟಗೇರಿಯಲ್ಲಿ ಕಟ್ಟಿದ ಆಸ್ಪತ್ರೆಗೆ ಜನ ತಾವೇ ಇಟ್ಟುಕೊಂಡ ಹೆಸರು ಅದು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ವೈರಿ ದೇಶದ ಪ್ರಜೆಗಳೆಂದು ಬಂಧನದಲ್ಲಿಟ್ಟಿತು. ಆಡಳಿತ ಬೇರೆಯವರ ಕೈಗೆ ಹೋಯಿತು, ಕಾಲ ಬದಲಾಯಿತು. ಆದರೆ ಹೆಸರು ಬದಲಾಗಲಿಲ್ಲ.

ಈ ಹೆಸರಿನ ಹಿಂದೆ ಒಂದು ವಿಚಿತ್ರವಿದೆ. ಆ ಆಸ್ಪತ್ರೆ ಕಟ್ಟಿದವರು ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಬೋಧಿಸುತ್ತಿದ್ದ ಮುಖ್ಯ ಮಾತೇ 'ಒಳ್ಳೆಯ ಕೆಲಸ ಮಾಡಿ ಯಾರೂ ಸ್ವರ್ಗಕ್ಕೆ ಹೋಗಲಾರರು' ಎಂಬುದು. ದಾನ, ಧರ್ಮ, ತೀರ್ಥಯಾತ್ರೆ, ಉಪವಾಸ ಇವುಗಳಿಂದ ಮೋಕ್ಷ ಸಿಗುವುದಿಲ್ಲ, ದೇವರ ಕೃಪೆಯನ್ನು ನಂಬಿದರೆ ಮಾತ್ರ ಸಿಗುತ್ತದೆ ಎಂದು ಅವರು ಹೇಳುತ್ತಿದ್ದರು. ಹಾಗೆ ಹೇಳುತ್ತಲೇ ಶಾಲೆ ತೆರೆದರು, ಅನಾಥ ಮಕ್ಕಳನ್ನು ಸಾಕಿದರು, ಮುದ್ರಣಾಲಯ ಸ್ಥಾಪಿಸಿದರು, ಆಸ್ಪತ್ರೆ ಕಟ್ಟಿದರು. ಸತ್ಕ್ರಿಯೆಯಿಂದ ರಕ್ಷಣೆ ಇಲ್ಲವೆಂದಾದರೆ ಇಷ್ಟೆಲ್ಲ ಸತ್ಕ್ರಿಯೆ ಯಾತಕ್ಕೆ? ಸಂಶಯ ಸ್ವಭಾವದವರು ತಕ್ಷಣ ಹೇಳುವ ಉತ್ತರ, 'ಮತಾಂತರಕ್ಕೆ'. ಆದರೆ ಈ ಪ್ರಶ್ನೆ ಬೆಟಗೇರಿಗಿಂತ ಬಹಳ ಹಳೆಯದು. ಕ್ರೈಸ್ತ ಧರ್ಮದೊಳಗೇ ಸುಮಾರು ಎರಡು ಸಾವಿರ ವರ್ಷಗಳಿಂದ ನಡೆದು ಬಂದ ವಾದ ಇದು. ಅದನ್ನು ಅರ್ಥ ಮಾಡಿಕೊಂಡರೆ ನಮ್ಮ ಸೀಮೆಯ ಇತಿಹಾಸದ ಒಂದು ಪುಟವೂ ತಿಳಿಯಾಗುತ್ತದೆ.

ಪದಗಳ ಪರಿಚಯ

ಮೊದಲು ಕೆಲವು ಪದಗಳನ್ನು ನೋಡೋಣ. ಕ್ರೈಸ್ತರು 'ರಕ್ಷಣೆ' ಎಂದು ಕರೆಯುವುದು ನಾವು ಸಾಮಾನ್ಯವಾಗಿ ತಿಳಿದಿರುವ ಮೋಕ್ಷವಲ್ಲ. ಜನನ ಮರಣಗಳ ಚಕ್ರದಿಂದ ಬಿಡುಗಡೆ ಎಂಬ ಕಲ್ಪನೆ ಅಲ್ಲಿಲ್ಲ. ಮನುಷ್ಯ ಪಾಪದಿಂದಾಗಿ ದೇವರಿಂದ ದೂರವಾಗಿದ್ದಾನೆ, ಆ ಸಂಬಂಧ ಮತ್ತೆ ಕೂಡಬೇಕು ಎಂಬುದು ಅವರ ತಿಳಿವಳಿಕೆ. ಕೆಟ್ಟ ಸಂಬಂಧ ಸರಿಯಾಗುವುದೇ ರಕ್ಷಣೆ. ಈ ಸರಿಪಡಿಸುವ ಕೆಲಸವನ್ನು ದೇವರೇ ತಾನಾಗಿ, ಯಾವ ಪ್ರತಿಫಲವನ್ನೂ ಬಯಸದೆ ಮಾಡುವುದಕ್ಕೆ 'ಕೃಪೆ' ಎಂದು ಹೆಸರು. ಆ ಕೃಪೆಯನ್ನು ಮನುಷ್ಯ ಭರವಸೆಯಿಟ್ಟು ಸ್ವೀಕರಿಸುವುದು 'ನಂಬಿಕೆ'. ಪ್ರಾಟೆಸ್ಟಂಟರ ಕನ್ನಡ ಬೈಬಲ್ಲಿನಲ್ಲಿ 'ನಂಬಿಕೆ' ಎಂದಿರುವುದನ್ನು ಕ್ಯಾಥೊಲಿಕರು ಸಾಮಾನ್ಯವಾಗಿ 'ವಿಶ್ವಾಸ' ಎನ್ನುತ್ತಾರೆ. ಎರಡೂ ಒಂದೇ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನಂಬಿಕೆ ಎಂದರೆ 'ದೇವರು ಇದ್ದಾನೆ' ಎಂದು ಒಪ್ಪಿಕೊಳ್ಳುವುದಷ್ಟೇ ಅಲ್ಲ. ಸಾಲ ಕೇಳಲು ಬಂದವನನ್ನು ನಂಬಿ ಹಣ ಕೊಡುತ್ತೇವಲ್ಲ, ಆ ಅರ್ಥದ ನಂಬಿಕೆ. ತನ್ನನ್ನೇ ಇನ್ನೊಬ್ಬನ ಕೈಗೆ ಒಪ್ಪಿಸುವುದು. ಹಾಗಾದರೆ ಒಪ್ಪಿಸಿದ ಮೇಲೆ ಮನುಷ್ಯ ಮಾಡಬೇಕಾದದ್ದು ಏನಾದರೂ ಉಳಿಯಿತೇ? ವಾದ ಹುಟ್ಟುವುದು ಇಲ್ಲಿ.

ಎರಡು ಪತ್ರಗಳ ಜಗಳ

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಪೌಲನೆಂಬ ಅಪೊಸ್ತಲ ರೋಮ್ ನಗರದ ಕ್ರೈಸ್ತರಿಗೆ ಬರೆದ ಪತ್ರವಿದೆ. ಧರ್ಮಶಾಸ್ತ್ರದ ವಿಧಿಗಳನ್ನು ಆಚರಿಸುವುದರಿಂದಲ್ಲ, ನಂಬಿಕೆಯಿಂದಲೇ ಮನುಷ್ಯ ದೇವರ ಎದುರು ನೀತಿವಂತನೆನಿಸುತ್ತಾನೆ ಎಂದು ಪೌಲ ಅಲ್ಲಿ ವಾದಿಸುತ್ತಾನೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಇದಕ್ಕೆ ಕಾರಣವೂ ಇದೆ. ರಕ್ಷಣೆ ಮನುಷ್ಯನ ಗಳಿಕೆಯಾದರೆ ಅವನಿಗೆ ಜಂಬ ಪಡಲು ಅವಕಾಶವಾಗುತ್ತದೆ. ಅದು ಗಳಿಕೆಯಲ್ಲ, ವರ.

ಅದೇ ಹೊಸ ಒಡಂಬಡಿಕೆಯಲ್ಲಿ ಕೆಲವು ಪುಟ ಮುಂದೆ ಹೋದರೆ ಯಾಕೋಬನ ಪತ್ರ ಸಿಗುತ್ತದೆ. ಆತ ಹೇಳುವುದು ಇದಕ್ಕೆ ನೇರ ವಿರುದ್ಧವೆಂಬಂತೆ ಕಾಣುತ್ತದೆ. ಮೈಮೇಲೆ ಬಟ್ಟೆಯಿಲ್ಲದ, ಹಸಿದ ಸಹೋದರನಿಗೆ ಏನನ್ನೂ ಕೊಡದೆ ಬರೀ ಸವಿ ಮಾತಾಡಿ ಕಳುಹಿಸಿದರೆ ಏನು ಉಪಯೋಗ ಎಂದು ಯಾಕೋಬ ಕೇಳುತ್ತಾನೆ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂಬುದು ಅವನ ತೀರ್ಪು. ಮನುಷ್ಯ ಬರೀ ನಂಬಿಕೆಯಿಂದ ನೀತಿವಂತನೆನಿಸುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳುತ್ತಾನೆ.

ಸ್ವಾರಸ್ಯವೆಂದರೆ ಇಬ್ಬರೂ ಕೊಡುವ ಉದಾಹರಣೆ ಒಬ್ಬನದೇ. ಅವನು ಯೆಹೂದ್ಯರ ಮೂಲಪುರುಷ ಅಬ್ರಹಾಮ. ಪೌಲ ತೋರಿಸುವುದು ಮಕ್ಕಳಿಲ್ಲದ ಮುದುಕ ಅಬ್ರಹಾಮನನ್ನು. ಅವನು ದೇವರ ಮಾತನ್ನು ನಂಬಿದ, ಅಷ್ಟೇ. ಇನ್ನೂ ಏನನ್ನೂ ಮಾಡಿರಲಿಲ್ಲ. ಯಾಕೋಬ ತೋರಿಸುವುದು ಅನೇಕ ವರ್ಷಗಳ ನಂತರದ ಅಬ್ರಹಾಮನನ್ನು, ದೇವರ ಆಜ್ಞೆಯಂತೆ ಮಗನನ್ನೇ ಬಲಿಕೊಡಲು ಸಿದ್ಧನಾದವನನ್ನು. ಪೌಲನ ಪ್ರಶ್ನೆ 'ದೇವರ ಮನೆಗೆ ಪ್ರವೇಶ ಹೇಗೆ?' ಎಂಬುದು. ಯಾಕೋಬನ ಪ್ರಶ್ನೆ 'ಒಳಗೆ ಬಂದವನು ನಿಜವಾಗಿ ಬಂದಿದ್ದಾನೆಂದು ಗುರುತಿಸುವುದು ಹೇಗೆ?' ಎಂಬುದು. ಪ್ರಶ್ನೆಗಳು ಬೇರೆ, ಆದ್ದರಿಂದ ಉತ್ತರಗಳೂ ಬೇರೆ ಎಂದು ಅನೇಕ ವಿದ್ವಾಂಸರು ಈ ಜಗಳವನ್ನು ಬಿಡಿಸುತ್ತಾರೆ.

ಏಸುವಿನ ಕಥೆಯಲ್ಲಿಯೂ ಈ ಎರಡೂ ಮುಖಗಳಿವೆ. ಶಿಲುಬೆಯ ಮೇಲೆ ಏಸುವಿನ ಪಕ್ಕದಲ್ಲಿದ್ದ ಅಪರಾಧಿ ಕೊನೆಗಳಿಗೆಯಲ್ಲಿ ಅವನನ್ನು ನಂಬಿದ. ಅವನಿಗೆ ಪರದೈಸಿನ ಭರವಸೆ ಸಿಕ್ಕಿತು. ಕೈಕಾಲು ಕಟ್ಟಿದ್ದ ಅವನು ಮಾಡಬಹುದಾಗಿದ್ದ ಸತ್ಕ್ರಿಯೆ ಯಾವುದು? ಇನ್ನೊಂದು ಕಡೆ, ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಏಸು ಕೊನೆಯ ತೀರ್ಪಿನ ಚಿತ್ರ ಕೊಡುತ್ತಾನೆ. ಅಲ್ಲಿ ಕೇಳುವುದು ಹಸಿದವರಿಗೆ ಅನ್ನ ಕೊಟ್ಟಿರಾ, ರೋಗಿಗಳನ್ನು ನೋಡಲು ಹೋದಿರಾ, ಸೆರೆಯಲ್ಲಿದ್ದವರನ್ನು ಕಂಡಿರಾ ಎಂದು. ನಂಬಿಕೆಯ ಪರೀಕ್ಷೆ ಅಲ್ಲಿ ನಡೆಯುವುದು ಊಟದ ಎಲೆಯ ಮುಂದೆ.

ಲೂಥರ್ ಎತ್ತಿದ ತಕರಾರು

ಈ ವಾದ ಯುರೋಪನ್ನೇ ಎರಡು ಮಾಡಿದ್ದು ಹದಿನಾರನೆಯ ಶತಮಾನದಲ್ಲಿ. ಆಗ ರೋಮಿನ ಸಂತ ಪೇತ್ರರ ದೇವಾಲಯದ ನಿರ್ಮಾಣಕ್ಕೆ ಹಣ ಬೇಕಾಗಿತ್ತು. ಪಾಪದ ಶಿಕ್ಷೆಯಲ್ಲಿ ರಿಯಾಯಿತಿ ಕೊಡುವ ಪತ್ರಗಳನ್ನು ಹಣಕ್ಕೆ ಮಾರುವ ಪದ್ಧತಿ ಜರ್ಮನಿಯಲ್ಲಿ ಜೋರಾಗಿ ನಡೆದಿತ್ತು. ಮಾರ್ಟಿನ್ ಲೂಥರ್ ಎಂಬ ಸಂನ್ಯಾಸಿ, ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, 1517ರ ಅಕ್ಟೋಬರ್ 31ರಂದು ಇದರ ವಿರುದ್ಧ 95 ವಾದಸೂತ್ರಗಳನ್ನು ಮುಂದಿಟ್ಟ.

ಲೂಥರನಿಗೆ ಇದು ಬರೀ ಹಣದ ಭ್ರಷ್ಟಾಚಾರವಾಗಿರಲಿಲ್ಲ. ಮಠದಲ್ಲಿ ಉಪವಾಸ, ಜಾಗರಣೆ, ಪಾಪನಿವೇದನೆ ಎಲ್ಲವನ್ನೂ ಕಟ್ಟುನಿಟ್ಟಾಗಿ ಮಾಡಿಯೂ ಅವನಿಗೆ ಸಮಾಧಾನ ಸಿಕ್ಕಿರಲಿಲ್ಲ. ಎಷ್ಟು ಮಾಡಿದರೆ ಸಾಕು ಎಂಬ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಪೌಲನ ಪತ್ರ ಓದುತ್ತ ಅವನಿಗೆ ಹೊಳೆದದ್ದು ಇದು: ಸಾಕಾಗುವಷ್ಟು ಮಾಡಲು ಯಾರಿಂದಲೂ ಆಗದು, ಮಾಡಬೇಕಾಗಿಯೂ ಇಲ್ಲ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಅವನು ಪೌಲನ ವಾಕ್ಯದಲ್ಲಿ ಮೂಲದಲ್ಲಿಲ್ಲದ 'ಕೇವಲ' ಎಂಬ ಅರ್ಥದ ಪದವೊಂದನ್ನು ಸೇರಿಸಿದ. ಯಾಕೋಬನ ಪತ್ರವನ್ನು ಹುಲ್ಲಿಗೆ ಹೋಲಿಸಿ ಹಗುರವಾಗಿ ಕಂಡ. ಎದುರಾಳಿಗಳು ಈ ಎರಡನ್ನೂ ಎಂದೂ ಮರೆಯಲಿಲ್ಲ.

ಹಾಗೆಂದು ಲೂಥರ್ ಸತ್ಕ್ರಿಯೆ ಬೇಡವೆಂದವನಲ್ಲ. ಮಾವಿನ ಮರ ಹಣ್ಣು ಬಿಡುವುದು ತಾನು ಮಾವಾಗಬೇಕೆಂಬ ಆಸೆಯಿಂದಲ್ಲ, ಅದು ಮಾವು ಆಗಿರುವುದರಿಂದ ಹಣ್ಣು ಬಿಡುತ್ತದೆ. ನಂಬಿದವನ ಒಳ್ಳೆಯ ಕೆಲಸವೂ ಹಾಗೆಯೇ ಎಂಬುದು ಅವನ ವಾದದ ತಿರುಳು. ದೇವರಿಗೆ ನಮ್ಮ ಸತ್ಕ್ರಿಯೆಯ ಅಗತ್ಯವಿಲ್ಲ. ಅಗತ್ಯವಿರುವುದು ನೆರೆಯವನಿಗೆ. ಸ್ವರ್ಗ ಗಳಿಸುವ ಚಿಂತೆ ತೀರಿದವನು ಮಾತ್ರ ನೆರೆಯವನ ಕಡೆಗೆ ಪೂರ್ತಿ ಮುಖ ತಿರುಗಿಸಬಲ್ಲ.

ಕ್ಯಾಥೊಲಿಕ್ ಧರ್ಮಸಭೆ ಇದಕ್ಕೆ ಉತ್ತರ ಕೊಟ್ಟದ್ದು ಟ್ರೆಂಟ್ ನಗರದಲ್ಲಿ 1545ರಿಂದ 1563ರ ತನಕ ಬಿಟ್ಟು ಬಿಟ್ಟು ನಡೆದ ಮಹಾಸಭೆಯಲ್ಲಿ. 1547ರ ಜನವರಿಯಲ್ಲಿ ಅದು ಹೊರಡಿಸಿದ ನಿರ್ಣಯವನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. 'ಪುಣ್ಯಕಾರ್ಯ ಮಾಡಿ ಸ್ವರ್ಗ ಗಳಿಸಿ' ಎಂದು ಅದು ಹೇಳಲಿಲ್ಲ. ಕೃಪೆಯಿಲ್ಲದೆ ತನ್ನ ಸ್ವಂತ ಕ್ರಿಯೆಗಳಿಂದಲೇ ಮನುಷ್ಯ ನೀತಿವಂತನಾಗಬಲ್ಲ ಎಂಬ ಮಾತನ್ನು ಅದು ಮೊದಲಿಗೇ ತಳ್ಳಿಹಾಕಿತು. ಆರಂಭ ದೇವರ ಕೃಪೆಯಿಂದಲೇ, ಆದರೆ ಮನುಷ್ಯ ಕಲ್ಲಿನಂತೆ ಸುಮ್ಮನೆ ಬಿದ್ದಿರುವುದಿಲ್ಲ, ಆ ಕೃಪೆಗೆ ಒಪ್ಪಿಗೆ ಕೊಟ್ಟು ಸಹಕರಿಸುತ್ತಾನೆ. ನಂಬಿಕೆಗೆ ಪ್ರೀತಿ ಕೂಡಿದಾಗಲೇ ಅದು ಜೀವಂತ. ಸತ್ಕ್ರಿಯೆಗಳಿಂದ ಮನುಷ್ಯ ಆ ಕೃಪೆಯಲ್ಲಿ ಬೆಳೆಯುತ್ತಾನೆ. ಇದು ಟ್ರೆಂಟ್ ಸಭೆಯ ನಿಲುವು.

ಬೆಟಗೇರಿ ನೇಕಾರರ ಊರಾದ್ದರಿಂದ ಮಗ್ಗದ ಮಾತಿನಲ್ಲಿ ಹೇಳಬಹುದು. ಹಾಸು ಮೊದಲು ಹಾಕಬೇಕು ಎಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ. ಹೊಕ್ಕಿಲ್ಲದೆ ಬಟ್ಟೆಯಾಗದು ಎಂಬುದನ್ನೂ ಇಬ್ಬರೂ ಒಪ್ಪುತ್ತಾರೆ. ಲಾಳಿ ಹೊಡೆದ ನೇಕಾರನಿಗೆ ಆ ಬಟ್ಟೆಯಲ್ಲಿ 'ಇದು ನನ್ನ ಪಾಲು' ಎನ್ನುವ ಹಕ್ಕು ಎಷ್ಟು ಎಂಬುದೇ ಜಗಳ.

ಬೆಟಗೇರಿಗೆ ಬಂದ ವಾದ

ಯುರೋಪಿನ ಈ ವಾದ ನಮ್ಮ ಸೀಮೆಗೆ ಬಂದದ್ದು ಬಾಸೆಲ್ ಮಿಶನ್ ಮೂಲಕ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮಿಶನರಿಗಳಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಅಲ್ಲಿ 'ಪೈಟಿಸಂ' ಎಂಬ ಭಕ್ತಿ ಚಳವಳಿ ಬೇರೂರಿತ್ತು. ಲೂಥರನ ಅನುಯಾಯಿಗಳಲ್ಲಿ ಅನೇಕರು 'ನಂಬಿಕೆ ಸಾಕು' ಎಂದು ಹೇಳುತ್ತ ಬದುಕಿನಲ್ಲಿ ಏನನ್ನೂ ಬದಲಿಸದೆ ಕುಳಿತಿದ್ದಾರೆಂಬ ಅಸಮಾಧಾನದಿಂದ ಹದಿನೇಳನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಚಳವಳಿ ಅದು. ಅದರ ನಾಯಕರಲ್ಲೊಬ್ಬನಾದ ಫ್ರಾಂಕೆ ಹಾಲೆ ಎಂಬ ಊರಿನಲ್ಲಿ ಅನಾಥಾಲಯ ಮತ್ತು ಶಾಲೆಗಳ ದೊಡ್ಡ ಸಮೂಹವನ್ನೇ ಕಟ್ಟಿದ್ದ. ನಂಬಿಕೆಯಿಂದಲೇ ರಕ್ಷಣೆ ಎನ್ನುವುದು, ಆ ನಂಬಿಕೆಗೆ ಬದುಕಿನಲ್ಲಿ ಪುರಾವೆ ಕೇಳುವುದು, ಇವೆರಡನ್ನೂ ಮಿಶನರಿಗಳು ಕಲಿತದ್ದು ಈ ಪರಂಪರೆಯಲ್ಲಿ.

1833ರ ಸನ್ನದು ಕಾಯಿದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿಯ ರಾಜ್ಯದ ಬಾಗಿಲು ತೆರೆಯಿತು. ಮರುವರ್ಷವೇ ಬಾಸೆಲ್‌ನ ಮೊದಲ ಮೂವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಕೇಂದ್ರಗಳು ಆರಂಭವಾದವು.

ಬೆಟಗೇರಿಗೆ ಸಮೀಪದ ಮಲ್ಲಸಮುದ್ರದಲ್ಲಿ ಅದೇ ವರ್ಷ ನಡೆದ ಪ್ರಯೋಗ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಕಾಲಜ್ಞಾನದ ವಚನಗಳಲ್ಲಿ ಶ್ರದ್ಧೆಯಿಟ್ಟಿದ್ದ ಕೆಲವು ಜನರ ಪರಿಚಯ ಮಿಶನರಿಗಳಿಗಾಗಿತ್ತು. ಮುಂದೊಂದು ಹೊಸ ಯುಗ ಬರುವುದೆಂಬ ಭವಿಷ್ಯವಾಣಿಯನ್ನು ನಂಬಿದ್ದ ಆ ಜನ ತಮ್ಮ ಬೋಧನೆಯಲ್ಲಿ ಆಸಕ್ತಿ ತೋರಿಸಿದ್ದನ್ನು ಕಂಡು ಮಿಶನರಿಗಳು ಹಿಗ್ಗಿದರು. ಸಾವಿರಾರು ಜನ ಒಟ್ಟಿಗೆ ಬಂದಾರೆಂಬ ಕನಸು ಕಂಡರು. ಬಂದವರಿಗೆ ನೆಲೆಯಾಗಲೆಂದು ಮಲ್ಲಸಮುದ್ರದಲ್ಲಿ ಒಂದು ಕೃಷಿ ವಸಾಹತನ್ನು ಆರಂಭಿಸಿದರು. ಆದರೆ ನಿರೀಕ್ಷಿಸಿದ ಜನ ಬರಲಿಲ್ಲ. ಬಿಳಿಯರ ಆಶ್ರಯದಿಂದ ಲೌಕಿಕ ಅನುಕೂಲವಾದೀತೆಂಬುದು ಅನೇಕರ ಲೆಕ್ಕವಾಗಿತ್ತು. ಇತ್ತ ಮಿಶನರಿಗಳು ಕೇಳುತ್ತಿದ್ದದ್ದು ಮನಸ್ಸಿನ ಪರಿವರ್ತನೆಯನ್ನು. ವಸಾಹತು ಸೋತಿತು.

ಈ ಸೋಲಿನಲ್ಲಿ ತಪ್ಪು ಯಾರದು? ಬರಗಾಲದ ಸೀಮೆಯಲ್ಲಿ ಹೊಲ ಕೇಳಿದ ಬಡವನದೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ನಂಬಿಕೆಗೆ ಬೆಲೆಯಿಲ್ಲ, ಅದು ಉಚಿತ ವರ ಎಂದು ಬೋಧಿಸುವವರು, ನಂಬುವವರಿಗಾಗಿ ಮೊದಲೇ ಹೊಲ ತೆಗೆದಿಟ್ಟರೆ ಕೇಳುವವನಿಗೆ ಅದು ವ್ಯಾಪಾರದಂತೆ ಕಾಣದೆ ಇರುತ್ತದೆಯೇ? ಲೂಥರ್ ವಿರೋಧಿಸಿದ್ದು ದೇವರೊಡನೆ ಮಾಡುವ ವ್ಯಾಪಾರವನ್ನು. ಮಲ್ಲಸಮುದ್ರದಲ್ಲಿ ಅದೇ ವ್ಯಾಪಾರ ಹಿಂಬಾಗಿಲಿನಿಂದ ಒಳಗೆ ಬಂದಿತ್ತು.

ಅನ್ನ ಮತ್ತು ಅನುಮಾನ

ಮಿಶನರಿಗಳ ಇಕ್ಕಟ್ಟನ್ನೂ ನೋಡಬೇಕು. ಕ್ರೈಸ್ತನಾದವನನ್ನು ಜಾತಿ ಹೊರಗಿಡುತ್ತಿತ್ತು. ಅವನ ಕುಲಕಸುಬು, ಮನೆ, ಆಸ್ತಿ ಎಲ್ಲಕ್ಕೂ ಕುತ್ತು ಬರುತ್ತಿತ್ತು. ಕೆಲಸ ಕೊಡದಿದ್ದರೆ ಅವನು ಉಪವಾಸ, ಕೊಟ್ಟರೆ 'ಅನ್ನಕ್ಕಾಗಿ ಕ್ರೈಸ್ತನಾದ' ಎಂಬ ಮಾತು. ಬಾಸೆಲ್ ಮಿಶನ್‌ನ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಹುಟ್ಟಿದ್ದು ಬಹುಮಟ್ಟಿಗೆ ಈ ಇಕ್ಕಟ್ಟಿನಿಂದ. 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯ ಹೆಸರು ಇಂದಿಗೂ ನಮ್ಮ ಹಳೆಯ ಮನೆಗಳ ಮಾಡಿನ ಮೇಲಿದೆ. ಉಚಿತವಾಗಿ ಅನ್ನ ಹಾಕುವುದಕ್ಕಿಂತ ದುಡಿಮೆಯ ಅನ್ನ ಲೇಸೆಂಬುದು ಅವರ ತೀರ್ಮಾನವಾಗಿತ್ತು.

ಧಾತು, ಈಶ್ವರ ಸಂವತ್ಸರಗಳ ಬರಗಾಲ ಈ ಪ್ರಶ್ನೆಯನ್ನು ಇನ್ನಷ್ಟು ತೀವ್ರಗೊಳಿಸಿತು. 1876ರಿಂದ 1878ರ ತನಕ ಧಾರವಾಡ ಜಿಲ್ಲೆ ತತ್ತರಿಸಿ ಹೋಗಿತ್ತು. ಇಂದಿನ ಗದಗ ಜಿಲ್ಲೆಯ ಬಹುಭಾಗ ಆಗ ಅದರಲ್ಲೇ ಸೇರಿತ್ತು. ತಂದೆತಾಯಿ ಸತ್ತ ಮಕ್ಕಳನ್ನು ಮಿಶನ್‌ನ ಅನಾಥಾಲಯಗಳು ಸೇರಿಸಿಕೊಂಡವು. ಆ ಮಕ್ಕಳು ಬದುಕಿದರು, ಓದಿದರು, ಕ್ರೈಸ್ತರಾಗಿ ಬೆಳೆದರು. ಇದನ್ನು ದಯೆ ಎನ್ನಬೇಕೋ, ಸಂಖ್ಯೆ ಹೆಚ್ಚಿಸುವ ಉಪಾಯ ಎನ್ನಬೇಕೋ? ಸಾಯುತ್ತಿದ್ದ ಮಗುವಿನ ಕಡೆಯಿಂದ ನೋಡಿದರೆ ಒಂದು ಉತ್ತರ, ಮಗುವನ್ನು ಕಳೆದುಕೊಂಡ ಸಮಾಜದ ಕಡೆಯಿಂದ ನೋಡಿದರೆ ಇನ್ನೊಂದು. ಮುಂದೆ ಗಾಂಧೀಜಿಯವರು ಮಿಶನ್ ಆಸ್ಪತ್ರೆ, ಶಾಲೆಗಳ ಸೇವೆಯನ್ನು ಮೆಚ್ಚುತ್ತಲೇ, ಆ ಸೇವೆಯ ಬೆನ್ನಿಗೆ ಮತಾಂತರದ ಉದ್ದೇಶ ಇರಬಾರದೆಂದು ಮತ್ತೆ ಮತ್ತೆ ಹೇಳಿದ್ದು ಇದೇ ಕಾರಣಕ್ಕೆ.

ಆದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಉತ್ತರ ಕರ್ನಾಟಕದಲ್ಲಿ ಬಾಸೆಲ್ ಮಿಶನ್‌ನ ಸಭೆಗಳು ಎಂದೂ ದೊಡ್ಡದಾಗಲಿಲ್ಲ. ಶಾಲೆಯಲ್ಲಿ ಓದಿದವರು, ದವಾಖಾನೆಯಲ್ಲಿ ಗುಣವಾದವರು ಬಹುತೇಕ ತಮ್ಮ ತಮ್ಮ ಧರ್ಮದಲ್ಲೇ ಉಳಿದರು. ಇದು ಬಲೆಯೇ ಆಗಿದ್ದರೆ ಮೀನು ಸಿಕ್ಕದ ಬಲೆಯನ್ನು ಇಷ್ಟು ವರ್ಷ ಯಾರೂ ಬೀಸುತ್ತಿರಲಿಲ್ಲ.

ನಮ್ಮ ಸೀಮೆಯ ಉತ್ತರಗಳು

ಕೃಪೆಯೋ ಪ್ರಯತ್ನವೋ ಎಂಬ ಪ್ರಶ್ನೆ ಈ ಸೀಮೆಗೆ ಜರ್ಮನಿಯಿಂದ ಬಂದ ಹೊಸ ಪ್ರಶ್ನೆಯೇನೂ ಅಲ್ಲ. ಗದಗಿನ ವೀರನಾರಾಯಣ ದೇವಾಲಯದ ಕಂಬಕ್ಕೆ ಒರಗಿ ಕುಮಾರವ್ಯಾಸ ಭಾರತ ರಚಿಸಿದನೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ಶ್ರೀವೈಷ್ಣವ ಪರಂಪರೆಯಲ್ಲಿ ಎರಡು ನ್ಯಾಯಗಳಿವೆ. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಮರಿ ಮಾಡುವುದೇನೂ ಇಲ್ಲ. ಮೊದಲನೆಯದು ವಡಗಲೆಯವರ ಮರ್ಕಟ ನ್ಯಾಯ, ಎರಡನೆಯದು ತೆಂಗಲೆಯವರ ಮಾರ್ಜಾಲ ನ್ಯಾಯ. ಟ್ರೆಂಟ್ ಸಭೆಗೂ ಲೂಥರನಿಗೂ ನಡೆದ ಜಗಳವನ್ನು ಇದಕ್ಕಿಂತ ಚೊಕ್ಕವಾಗಿ ವಿವರಿಸುವುದು ಕಷ್ಟ.

ಹಿಂದೆ ಪುಲಿಗೆರೆ ಎನಿಸಿದ್ದ ಲಕ್ಷ್ಮೇಶ್ವರಕ್ಕೆ ಹೋದರೆ ಶಂಖ ಬಸದಿಯಿದೆ. ಅಲ್ಲಿಯ ಉತ್ತರ ಬೇರೆ. ಜೈನರಿಗೆ ಕರ್ಮವನ್ನು ಕ್ಷಮಿಸಿ ಬಿಡುವ ದೇವರೆಂಬುವನಿಲ್ಲ. ಕರ್ಮವನ್ನು ಜೀವವೇ ತಪಸ್ಸಿನಿಂದ ಕಳೆದುಕೊಳ್ಳಬೇಕು. ಆದರೂ ಅವರ ರತ್ನತ್ರಯದಲ್ಲಿ ಜ್ಞಾನ, ಚಾರಿತ್ರಗಳಿಗಿಂತ ಮೊದಲು ನಿಲ್ಲುವುದು ಸಮ್ಯಗ್ದರ್ಶನ, ಅಂದರೆ ಸರಿಯಾದ ಶ್ರದ್ಧೆ. ಅದೇ ಊರಿನ ಆದಿಲ್‌ಶಾಹಿ ಕಾಲದ ಮಸೀದಿಯಲ್ಲಿ ಓದುವ ಕುರಾನಿನಲ್ಲಿ ಈಮಾನ್ ಮತ್ತು ಸತ್ಕಾರ್ಯ ಜೋಡಿ ಪದಗಳಂತೆ ಮತ್ತೆ ಮತ್ತೆ ಒಟ್ಟಿಗೆ ಬರುತ್ತವೆ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಾಗಲಿ, ಹೆಸರಿನಲ್ಲೇ ಅನ್ನದಾನವನ್ನು ಹೊತ್ತಿರುವ ಮುಂಡರಗಿಯ ಅನ್ನದಾನೀಶ್ವರ ಮಠದಲ್ಲಾಗಲಿ ಭಕ್ತಿಯೆಂದರೆ ಪಂಕ್ತಿಯಲ್ಲಿ ಕುಳಿತವನಿಗೆ ಬಡಿಸುವುದೂ ಹೌದು.

ಶರಣರ ಮಾರ್ಗವಂತೂ ಕಾಯಕ, ದಾಸೋಹಗಳದ್ದೇ. ಹಾಗೆಂದು ಕಾಯಕ ಮಾಡಿದ್ದಕ್ಕೆ ಕೂಲಿಯಾಗಿ ಕೈಲಾಸ ಕೇಳುವುದನ್ನು ಶರಣರು ಒಪ್ಪುವುದಿಲ್ಲ. ಕಾಯಕವೇ ಕೈಲಾಸ. ಮಾಡಿದೆನೆಂಬ ಭಾವ ಮನಸ್ಸಿಗೆ ಬಂದರೆ ದಾಸೋಹ ಕೆಟ್ಟಿತೆಂಬುದು ಅವರ ಎಚ್ಚರಿಕೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತಿರುಗಿ ಸುರಿದು ಬರಲು ಹೇಳಿದ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಪೌಲ 'ಜಂಬ' ಎಂದದ್ದೂ ಶರಣರು 'ಮಾಡಿದೆನೆಂಬುದು' ಎಂದದ್ದೂ ಒಂದೇ ರೋಗದ ಎರಡು ಹೆಸರುಗಳು.

ಹೋಲಿಕೆಗಳನ್ನು ಅತಿಯಾಗಿ ಎಳೆಯಬಾರದು ಎಂಬುದೂ ನಿಜ. ಕ್ರೈಸ್ತರ ಕೃಪೆ ಏಸುವಿನ ಮರಣ ಮತ್ತು ಪುನರುತ್ಥಾನ ಎಂಬ ಒಂದು ನಿರ್ದಿಷ್ಟ ಘಟನೆಗೆ ಕಟ್ಟಿಕೊಂಡದ್ದು. ಆ ಘಟನೆಯನ್ನು ಬಿಟ್ಟು ಬರೀ ತತ್ವವನ್ನು ಎತ್ತಿಕೊಂಡರೆ ಅವರು ಒಪ್ಪಲಾರರು. ಅವರ ನಂಬಿಕೆ ತತ್ವವೊಂದರ ಮೇಲಲ್ಲ, ಒಬ್ಬ ವ್ಯಕ್ತಿಯ ಮೇಲೆ.

ಹೊಳೆಯಾಚೆಯ ಪಾದ್ರಿ

ಈ ಎರಡು ಲೋಕಗಳನ್ನು ಒಂದೇ ಬದುಕಿನಲ್ಲಿ ಹೊಲಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೈವಶಾಸ್ತ್ರ ಓದಿ ಬಾಸೆಲ್ ಮಿಶನ್‌ನ ಪಾದ್ರಿಯಾದವರು. ಅವರ ಹೆಸರಿನಲ್ಲಿರುವ ಉತ್ತಂಗಿ, ಮುಂಡರಗಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಹೂವಿನಹಡಗಲಿ ತಾಲ್ಲೂಕಿನ ಊರು.

ಕೃಪೆಯಿಂದಲೇ ರಕ್ಷಣೆ ಎಂದು ಬೋಧಿಸುವ ಪೀಠದಲ್ಲಿ ನಿಂತಿದ್ದ ಈ ಪಾದ್ರಿ ಊರೂರು ತಿರುಗಿ, ಓಲೆಗರಿ ಹುಡುಕಿ, ಜನರ ಬಾಯಿಂದ ಕೇಳಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿದರು. 1924ರಲ್ಲಿ ಅವರ ಸಂಗ್ರಹ ಪ್ರಕಟವಾಯಿತು. ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಪುಸ್ತಕವನ್ನೇ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕನ್ನಡಿಗರು ಅವರನ್ನು 'ತಿರುಳ್ಗನ್ನಡದ ತಿರುಕ' ಎಂದು ಕರೆದರು.

ಸರ್ವಜ್ಞನ ವಚನ ಕೂಡಿಸಿದ್ದರಿಂದ ಒಬ್ಬನೂ ಕ್ರೈಸ್ತನಾಗಲಿಲ್ಲ, ಆಗಲೆಂದು ಅವರು ಕೂಡಿಸಿದ್ದೂ ಅಲ್ಲ. ಲೆಕ್ಕ ಹಿಡಿಯುವವರ ಖಾತೆಯಲ್ಲಿ ಇದು ಯಾವ ಕಾಲಮ್ಮಿಗೂ ಸೇರದ ಕೆಲಸ. ಆದರೆ ಪ್ರತಿಫಲದ ಚಿಂತೆಯಿಲ್ಲದೆ ನೆರೆಯವನಿಗಾಗಿ ಮಾಡುವುದೇ ನಂಬಿಕೆಯ ಫಲವೆಂದಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವುದಿದೆ? 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ನಿಘಂಟಿಗೂ ಇದೇ ಮಾತು ಸಲ್ಲುತ್ತದೆ. ಅದನ್ನು ಬಿಡಿಸಿ ಪದದ ಅರ್ಥ ನೋಡುವ ಯಾರೂ ಅದನ್ನು ಮಾಡಿದವರ ಮತ ಯಾವುದೆಂದು ಕೇಳುವುದಿಲ್ಲ.

ರಾಜಿಯಾದ ಜಗಳ

ಇನ್ನು ಮೂಲ ಜಗಳ ಏನಾಯಿತು? 1999ರ ಅಕ್ಟೋಬರ್ 31ರಂದು, ಅಂದರೆ ಲೂಥರ್ ತನ್ನ ವಾದಸೂತ್ರಗಳನ್ನು ಮುಂದಿಟ್ಟ ದಿನಾಂಕದಂದೇ, ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ವಿಶ್ವ ಲೂಥರನ್ ಒಕ್ಕೂಟ ಮತ್ತು ಕ್ಯಾಥೊಲಿಕ್ ಧರ್ಮಸಭೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ಮನುಷ್ಯನ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ಅವನನ್ನು ಸ್ವೀಕರಿಸುತ್ತಾನೆ, ಹಾಗೆ ಸ್ವೀಕೃತನಾದವನನ್ನು ಸತ್ಕ್ರಿಯೆಗೆ ಕರೆಯುತ್ತಾನೆ, ಅದಕ್ಕೆ ಬೇಕಾದ ಬಲವನ್ನೂ ಕೊಡುತ್ತಾನೆ ಎಂಬುದು ಅದರ ಸಾರ. ಈ ತಿರುಳಿನ ವಿಷಯದಲ್ಲಿ ಹದಿನಾರನೆಯ ಶತಮಾನದ ಪರಸ್ಪರ ಖಂಡನೆಗಳು ಇನ್ನು ಅನ್ವಯಿಸುವುದಿಲ್ಲವೆಂದು ಎರಡೂ ಕಡೆಯವರು ಒಪ್ಪಿದರು. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳವರೂ ಇದರ ಜೊತೆಗೂಡಿದರು. ಎಲ್ಲ ಭಿನ್ನಾಭಿಪ್ರಾಯಗಳು ತೀರಿದವೆಂದಲ್ಲ. ಆದರೆ ಯುದ್ಧಗಳಿಗೇ ಕಾರಣವಾದ ಒಂದು ವಾದ ಮೇಜಿನ ಸುತ್ತ ಕುಳಿತು ಮುಗಿಯಿತೆಂಬುದು ಸಣ್ಣ ಮಾತಲ್ಲ.

ಎರಡೂ ತುದಿಗಳಲ್ಲಿ ಅಪಾಯವಿದೆ ಎಂಬುದನ್ನು ಕ್ರೈಸ್ತರು ತಮ್ಮ ಅನುಭವದಿಂದಲೇ ಕಲಿತಿದ್ದಾರೆ. ಕ್ರಿಯೆಗೆ ಬೆಲೆ ಕಟ್ಟಿದರೆ ಧರ್ಮ ಅಂಗಡಿಯಾಗುತ್ತದೆ. ನಂಬಿಕೆಯೊಂದೇ ಸಾಕೆಂದು ಕೈಕಟ್ಟಿ ಕುಳಿತರೆ ಇನ್ನೊಂದು ಅನಾಹುತ. ಹಿಟ್ಲರನ ಕಾಲದಲ್ಲಿ ಜರ್ಮನಿಯ ಸಭೆಗಳ ಬಹುಪಾಲು ಜನ ಮೌನವಾಗಿದ್ದುದನ್ನು ಕಂಡ ಲೂಥರನ್ ಪಾದ್ರಿ ಡೀಟ್ರಿಶ್ ಬೊನ್‌ಹೊಫರ್ 1937ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಇಂಥ ನಂಬಿಕೆಯನ್ನು 'ಅಗ್ಗದ ಕೃಪೆ' ಎಂದು ಜರೆದರು. ಹಿಟ್ಲರನನ್ನು ವಿರೋಧಿಸಿದ್ದಕ್ಕಾಗಿ 1945ರ ಏಪ್ರಿಲ್‌ನಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಸೇವೆಯ ಹಿಂದಿನ ಉದ್ದೇಶ ಏನೆಂಬ ಅನುಮಾನ ನಮ್ಮಲ್ಲಿ ಇಂದಿಗೂ ಆರಿಲ್ಲ. ಕ್ರೈಸ್ತ ಸಂಸ್ಥೆಗಳ ಬಗ್ಗೆ ಮಾತ್ರವಲ್ಲ, ಅನ್ನ, ಅಕ್ಷರ, ಔಷಧ ಕೊಡುವ ಯಾವ ಮಠ, ಮಸೀದಿ, ಪಕ್ಷ, ಸಂಘದ ಬಗ್ಗೆಯೂ ಈ ಪ್ರಶ್ನೆ ಕೇಳಬಹುದು, ಕೇಳಲೂಬೇಕು. ಕ್ರೈಸ್ತರ ಮಟ್ಟಿಗೆ ಅದನ್ನು ಅಳೆಯುವ ಕೋಲು ಅವರ ಸಿದ್ಧಾಂತದಲ್ಲಿಯೇ ಇದೆ. ಕೃಪೆ ಉಚಿತವೆಂದು ನಂಬಿದವನು ತನ್ನ ಸೇವೆಗೆ ಬೆಲೆ ಕೇಳುವಂತಿಲ್ಲ. ಹಣವನ್ನೂ ಕೇಳುವಂತಿಲ್ಲ, ಆತ್ಮವನ್ನೂ ಕೇಳುವಂತಿಲ್ಲ. ಕೇಳಿದಲ್ಲೆಲ್ಲ ಅವನು ಸೋತದ್ದಕ್ಕೆ ಮಲ್ಲಸಮುದ್ರವಿದೆ. ಕೇಳದೆ ಮಾಡಿದ್ದು ಉಳಿಯುತ್ತದೆಂಬುದಕ್ಕೆ ಆ ದವಾಖಾನೆಯ ಹೆಸರಿದೆ. ಜ್ವರ ಬಂದ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ನಡೆದ ತಾಯಂದಿರಿಗೆ ಪೌಲನೂ ಗೊತ್ತಿರಲಿಲ್ಲ, ಯಾಕೋಬನೂ ಗೊತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮಗುವಿನ ಜ್ವರ ಇಳಿಯುವುದಷ್ಟೇ.